425ರ ನಷ್ಟ 1,283ಕ್ಕೆ ಏರಿದ್ದು ಹೇಗೆ: ಮೂರು ಲಿಮಿಟ್ ಆರ್ಡರ್‌ಗಳ ಒಂದು ಪ್ರಕರಣ

ಖಾತೆಯಲ್ಲಿ 10,300 ಯುಎಸ್‌ಡಿಟಿ, ಅಂದರೆ ಡಾಲರ್‌ಗೆ ಸರಿಸಮವಾಗಿರುವಂತೆ ರೂಪಿಸಿದ ಕ್ರಿಪ್ಟೋ ನಾಣ್ಯ. ಕೊಳ್ಳಬೇಕಾದದ್ದು ಇನ್ನೊಂದು ಕ್ರಿಪ್ಟೋದ 500 ಕಾಯಿನ್. 20.00ಕ್ಕೆ ಕೊಳ್ಳುವುದು, ಲೆಕ್ಕ ತಪ್ಪಿದರೆ 19.15ಕ್ಕೆ ಮಾರಿ ಹೊರಬರುವುದು. ಕಾಯಿನ್ ಒಂದಕ್ಕೆ 0.85ರಂತೆ 500ಕ್ಕೆ 425 ಯುಎಸ್‌ಡಿಟಿ. ಅದಕ್ಕಿಂತ ಹೆಚ್ಚು ಕಳೆದುಕೊಳ್ಳಲು ಈ ಟ್ರೇಡರ್ ಸಿದ್ಧರಿರಲಿಲ್ಲ. ಕೊನೆಗೆ ಕೈಬಿಟ್ಟು ಹೋದದ್ದು 1,283. ಮಾರುಕಟ್ಟೆ ಕುಸಿದದ್ದು ನಿಜ, ಆದರೆ ಕುಸಿತವನ್ನು ಅವರು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು, 19.15 ಎಂಬ ಅಂಕಿ ಹುಟ್ಟಿದ್ದೇ ಅದಕ್ಕಾಗಿ. ಮಿಕ್ಕ 858 ಹೋದದ್ದು ಆರ್ಡರ್ ಹಾಕಿದ ರೀತಿಯಿಂದ. ಹಾಕಿದ ಮೂರೂ ಲಿಮಿಟ್ ಆರ್ಡರ್‌ಗಳು, ಅಂದರೆ ಇದಕ್ಕಿಂತ ಹೆಚ್ಚಿಗೆ ಕೊಳ್ಳಬೇಡ ಅಥವಾ ಇದಕ್ಕಿಂತ ಕಡಿಮೆಗೆ ಮಾರಬೇಡ ಎಂದು ದರ ಗೊತ್ತುಮಾಡಿ ಹಾಕುವ ಆರ್ಡರ್‌ಗಳು.

ಇಲ್ಲಿನ ಅಂಕಿಗಳನ್ನು ಲೆಕ್ಕ ಹಿಡಿಯಲು ಸುಲಭವಾಗಲೆಂದು ಕಟ್ಟಿಕೊಂಡಿದೆ. ಆದರೆ ಒಂದರ ಹಿಂದೆ ಒಂದು ಬರುವ ತಪ್ಪುಗಳ ಸರಣಿ ಕಟ್ಟಿಕೊಂಡದ್ದಲ್ಲ. ಕಡಿಮೆ ವಹಿವಾಟಿನ ಯಾವುದೇ ಕಾಯಿನ್‌ನಲ್ಲಿ, ಯಾವುದೇ ಎಕ್ಸ್‌ಚೇಂಜ್‌ನಲ್ಲಿ ಇದೇ ಕ್ರಮದಲ್ಲಿ ಇವು ನಡೆಯಬಹುದು. ಈ ಎಕ್ಸ್‌ಚೇಂಜ್‌ನ ನಿಯಮಗಳು ಹೀಗಿವೆ: ದರದ ಅತಿ ಸಣ್ಣ ಹೆಜ್ಜೆ 0.01, ಪ್ರಮಾಣದ ಹೆಜ್ಜೆ 0.1 ಕಾಯಿನ್, ಕನಿಷ್ಠ ಆರ್ಡರ್ 10 ಯುಎಸ್‌ಡಿಟಿ, ಮೇಕರ್ ಶುಲ್ಕ (ಬುಕ್‌ನಲ್ಲಿ ಕಾದು ಭರ್ತಿಯಾದ ಆರ್ಡರ್‌ಗೆ) ಶೇ. 0.10, ಟೇಕರ್ ಶುಲ್ಕ (ಕಾದಿರುವ ಆರ್ಡರನ್ನು ತಕ್ಷಣ ಎತ್ತಿಕೊಂಡದ್ದಕ್ಕೆ) ಶೇ. 0.15. ಕೊಂಡಾಗ ಶುಲ್ಕವನ್ನು ಬಂದ ಕಾಯಿನ್‌ನಲ್ಲೇ ಮುರಿದುಕೊಳ್ಳುತ್ತಾರೆ, ಮಾರಿದಾಗ ಬಂದ ಯುಎಸ್‌ಡಿಟಿಯಲ್ಲಿ.

ಮೊದಲು ಆರ್ಡರ್ ಬುಕ್

ಆರ್ಡರ್ ಹಾಕುವ ಹೊತ್ತಿಗೆ ಬುಕ್, ಅಂದರೆ ಯಾವ ದರಕ್ಕೆ ಎಷ್ಟು ಕಾಯಿನ್ ಕೊಳ್ಳಲು, ಮಾರಲು ಜನ ಕಾದಿದ್ದಾರೆ ಎಂಬ ಪಟ್ಟಿ, ಹೀಗಿತ್ತು.

ಮಾರುವವರು: 20.06ಕ್ಕೆ 60, 20.09ಕ್ಕೆ 110, 20.15ಕ್ಕೆ 90, 20.24ಕ್ಕೆ 140, 20.40ಕ್ಕೆ 200.
ಕೊಳ್ಳುವವರು: 20.02ಕ್ಕೆ 75, 20.00ಕ್ಕೆ 420, 19.95ಕ್ಕೆ 310, ಆಮೇಲೆ ಇನ್ನೂ ಕೆಳಗೆ.

ಆ್ಯಪ್‌ನ ಮೇಲ್ಭಾಗದಲ್ಲಿ ದೊಡ್ಡ ಅಕ್ಷರದಲ್ಲಿ 20.06 ಎಂದು ಕಾಣುತ್ತಿತ್ತು. ಆ ದರಕ್ಕೆ ಸಿಗುತ್ತಿದ್ದದ್ದು 60 ಕಾಯಿನ್ ಮಾತ್ರ. 500 ಬೇಕೆಂದು ಮಾರ್ಕೆಟ್ ಆರ್ಡರ್ (ಸಿಕ್ಕ ದರಕ್ಕೆ ತಕ್ಷಣ ಕೊಳ್ಳುವ ಆರ್ಡರ್) ಕೊಟ್ಟಿದ್ದರೆ ಮೊದಲ ನಾಲ್ಕು ಮೆಟ್ಟಿಲಿನ 400 ಕಾಯಿನ್ ಪೂರ್ತಿ ಮುಗಿದು, ಕೊನೆಯ 100 ಕಾಯಿನ್ 20.40ಕ್ಕೆ ಸಿಗುತ್ತಿತ್ತು. ಒಟ್ಟು 10,100.60, ಸರಾಸರಿ 20.20. ಪರದೆಯ ಮೇಲಿನ ದರಕ್ಕಿಂತ 70.60 ಯುಎಸ್‌ಡಿಟಿ ಹೆಚ್ಚು, ಅಂದರೆ ಶೇ. 0.70. ಇದೇ ಸ್ಲಿಪೇಜ್. ಇದನ್ನು ತಪ್ಪಿಸಲು ಲಿಮಿಟ್ ಆರ್ಡರ್ ಬಳಸಿದ್ದು ಸರಿಯಾದ ನಿರ್ಧಾರವೇ. ಈ 20.20 ಎಂಬ ಸರಾಸರಿಯನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

20.00ಕ್ಕೆ 500: ಅರ್ಧಕ್ಕೇ ನಿಂತ ಖರೀದಿ

ಲಿಮಿಟ್ ಬೈ, ದರ 20.00, ಪ್ರಮಾಣ 500, ಅವಧಿ ಜಿಟಿಸಿ, ಅಂದರೆ ನಾವೇ ರದ್ದು ಮಾಡುವವರೆಗೆ ನಿಲ್ಲುವ ಆರ್ಡರ್. ಒತ್ತಿದ ತಕ್ಷಣ ಖಾತೆಯಲ್ಲಿ 10,000 ಯುಎಸ್‌ಡಿಟಿ ಲಾಕ್ ಆಯಿತು. ಹಣ ಖರ್ಚಾಗಿಲ್ಲ, ಆದರೆ ಬೇರೆ ಆರ್ಡರ್‌ಗೆ ಬಳಸುವಂತಿಲ್ಲ.

ಕೆಲವು ಗಂಟೆಗಳ ಮೇಲೆ ದರ ಇಳಿಯಿತು. ಚಾರ್ಟ್‌ನ ಕ್ಯಾಂಡಲ್ (ಒಂದು ಅವಧಿಯ ದರದ ಏರಿಳಿತ ತೋರಿಸುವ ಕಂಬ) 20.00 ಮುಟ್ಟಿ ಮೇಲೆದ್ದಿತು. ಆರ್ಡರ್ ನೋಡಿದರೆ ಭರ್ತಿಯಾಗಿದ್ದು 220, ಬಾಕಿ 280. ಎಕ್ಸ್‌ಚೇಂಜ್‌ಗಳ ಸಹಾಯ ವಿಭಾಗಕ್ಕೆ ಪದೇ ಪದೇ ಬರುವ ದೂರು ಇದೇ: ದರ ಮುಟ್ಟಿತು, ನನ್ನ ಆರ್ಡರ್ ಯಾಕೆ ಪೂರ್ತಿ ಆಗಲಿಲ್ಲ?

ಉತ್ತರ ಸರದಿಯಲ್ಲಿದೆ. ಎಕ್ಸ್‌ಚೇಂಜ್‌ನ ಮ್ಯಾಚಿಂಗ್ ಎಂಜಿನ್ ಮೊದಲು ದರ ನೋಡುತ್ತದೆ, ದರ ಒಂದೇ ಆಗಿದ್ದರೆ ಮೊದಲು ಬಂದವರನ್ನು ನೋಡುತ್ತದೆ. ಈ ಟ್ರೇಡರ್ ಬರುವ ಹೊತ್ತಿಗೆ 20.00ರ ಸಾಲಿನಲ್ಲಿ 420 ಕಾಯಿನ್‌ಗಳ ಬೇಡಿಕೆ ಆಗಲೇ ನಿಂತಿತ್ತು. ನಡುವೆ 30 ಕಾಯಿನ್‌ನಷ್ಟು ಆರ್ಡರ್ ಯಾರೋ ರದ್ದು ಮಾಡಿದರು, 390 ಉಳಿಯಿತು. ಇಳಿತದಲ್ಲಿ 20.00ಕ್ಕೆ ಮಾರಾಟವಾದದ್ದು ಒಟ್ಟು 610. ಮೊದಲ 390 ಮುಂದಿದ್ದವರಿಗೆ, ಉಳಿದ 220 ಇವರಿಗೆ. ಅಷ್ಟರಲ್ಲಿ ಮಾರುವವರು ಮುಗಿದರು, ದರ ತಿರುಗಿತು.

ಚಾರ್ಟ್ ಇದನ್ನು ತೋರಿಸುವುದಿಲ್ಲ. 20.00ಕ್ಕೆ 0.1 ಕಾಯಿನ್ ಕೈಬದಲಾದರೂ ಕ್ಯಾಂಡಲ್‌ನ ಬಾಲ 20.00ರವರೆಗೆ ಇಳಿಯುತ್ತದೆ, 5,000 ಕೈಬದಲಾದರೂ ಅಷ್ಟೇ ಇಳಿಯುತ್ತದೆ. ದರ ನಮ್ಮ ಲಿಮಿಟ್ ಮುಟ್ಟಿದರೆ ಆರ್ಡರ್ ಭರ್ತಿಯಾಗಬಹುದು. ಅದನ್ನು ದಾಟಿ ಒಂದು ಹೆಜ್ಜೆಯಾದರೂ ಕೆಳಗೆ ವಹಿವಾಟಾಗಿದ್ದರೆ ಮಾತ್ರ ಪೂರ್ತಿ ಭರ್ತಿಯಾಗಿರಲೇಬೇಕು, ಏಕೆಂದರೆ ನಮ್ಮ ದರದ ಸಾಲು ಖಾಲಿಯಾಗದೆ ಕೆಳಗಿನ ಸಾಲಿಗೆ ಮಾರಾಟ ಇಳಿಯುವುದಿಲ್ಲ. ಈ ಮಾತು ಆ ಒಂದು ಎಕ್ಸ್‌ಚೇಂಜ್‌ನ ಆ ಒಂದು ಜೋಡಿಗೆ (ಕಾಯಿನ್ ಮತ್ತು ಅದನ್ನು ಕೊಳ್ಳುವ ಹಣ) ಮಾತ್ರ ಸಲ್ಲುತ್ತದೆ. ಕ್ರಿಪ್ಟೋದಲ್ಲಿ ಎಲ್ಲರಿಗೂ ಸೇರಿದ ಒಂದೇ ಬುಕ್ ಇಲ್ಲ. ಪ್ರತಿ ಎಕ್ಸ್‌ಚೇಂಜ್‌ಗೂ ತನ್ನದೇ ಬುಕ್, ಅದರಲ್ಲೂ ಯುಎಸ್‌ಡಿಟಿ ಜೋಡಿಗೆ ಒಂದು, ಡಾಲರ್ ಜೋಡಿಗೆ ಇನ್ನೊಂದು. ಚಾರ್ಟ್ ಒಂದು ಕಡೆಯದು, ಆರ್ಡರ್ ಇನ್ನೊಂದು ಕಡೆಯದು ಆಗಿದ್ದರೆ ಎರಡನ್ನೂ ಹೋಲಿಸುವುದರಲ್ಲಿ ಅರ್ಥವೇ ಇಲ್ಲ.

ಇಲ್ಲಿ ಆದ ತಪ್ಪು ಲಿಮಿಟ್ ಬಳಸಿದ್ದಲ್ಲ, 20.00 ಎಂಬ ದುಂಡು ಅಂಕಿ ಆರಿಸಿದ್ದು. ದುಂಡು ಅಂಕಿಯಲ್ಲೇ ಎಲ್ಲರೂ ನಿಲ್ಲುತ್ತಾರೆ, ಬುಕ್‌ನಲ್ಲಿ 20.02ಕ್ಕೆ 75, 20.00ಕ್ಕೆ 420 ಇದ್ದದ್ದೇ ಅದಕ್ಕೆ ಸಾಕ್ಷಿ. ಅದೇ ಆರ್ಡರನ್ನು 20.03ಕ್ಕೆ ಹಾಕಿದ್ದರೆ ಇವರೇ ಸಾಲಿನ ಮೊದಲಿಗರು. ಆ ಇಳಿತದಲ್ಲಿ ಬಂದ ಮಾರಾಟ 20.02ರಲ್ಲಿ 75, 20.00ರಲ್ಲಿ 610, ಒಟ್ಟು 685. ಅದರಲ್ಲಿ ಮೊದಲ 500 ಇವರ ಪಾಲಿಗೆ ಬರುತ್ತಿತ್ತು. 10,015 ಯುಎಸ್‌ಡಿಟಿಗೆ ಇಡೀ ಖರೀದಿ ಮುಗಿಯುತ್ತಿತ್ತು. ಕಾಯಿನ್‌ಗೆ 0.03 ಉಳಿಸಲು ಹೋಗಿ, ಅಂದರೆ ಒಟ್ಟು 15 ಯುಎಸ್‌ಡಿಟಿ ಉಳಿಸಲು ಹೋಗಿ, 420 ಕಾಯಿನ್‌ಗಳ ಬೇಡಿಕೆಯ ಹಿಂದೆ ನಿಂತಂತಾಯಿತು.

ಆರ್ಡರನ್ನು ಮೂರು ನಾಲ್ಕು ದರಗಳಿಗೆ ಹಂಚಿ ಹಾಕಿ ಎಂಬ ಸಲಹೆ ಇಂಥ ಕಡೆ ಸಾಮಾನ್ಯ. 20.03ಕ್ಕೆ 200, 19.97ಕ್ಕೆ 150, 19.91ಕ್ಕೆ 150 ಎಂದು ಹಂಚಿದ್ದರೆ ಈ ಪ್ರಕರಣದಲ್ಲಿ ಸಿಗುತ್ತಿದ್ದದ್ದು 200 ಮಾತ್ರ. ಸಿಕ್ಕಷ್ಟು ಸಿಗಲಿ ಎನ್ನುವವರಿಗೆ ಹಂಚಿಕೆ ಒಳ್ಳೆಯದು. 500 ಬೇಕೇ ಬೇಕು ಎನ್ನುವವರಿಗೆ ಅದು ಉತ್ತರವಲ್ಲ.

20.80ಕ್ಕೆ 280: ಬೆನ್ನಟ್ಟಿದ್ದು

ದರ 20.55 ದಾಟಿತು. ಬಾಕಿ 280 ಕೈತಪ್ಪುತ್ತದೆ ಎಂಬ ಆತಂಕದಲ್ಲಿ ಹಳೆಯ ಆರ್ಡರ್ ರದ್ದು ಮಾಡಿ, 280 ಕಾಯಿನ್‌ಗೆ 20.80ರ ಹೊಸ ಲಿಮಿಟ್ ಬೈ ಹಾಕಿದರು. ಆಗ ಮಾರುವವರ ಸಾಲು: 20.57ಕ್ಕೆ 90, 20.61ಕ್ಕೆ 80, 20.70ಕ್ಕೆ 60, 20.78ಕ್ಕೆ 30, ಆಮೇಲೆ 20.95.

ಹೆಸರಿಗೆ ಲಿಮಿಟ್ ಆರ್ಡರ್, ಕೆಲಸದಲ್ಲಿ ಮಾರ್ಕೆಟ್ ಆರ್ಡರ್. ಕೊಳ್ಳುವ ಲಿಮಿಟ್ ದರ ಮಾರುವವರ ದರಕ್ಕಿಂತ ಮೇಲಿದ್ದರೆ ಅದು ಬುಕ್‌ನಲ್ಲಿ ನಿಲ್ಲದೆ, ನೇರ ಹೋಗಿ ಸಿಕ್ಕದ್ದನ್ನು ಎತ್ತಿಕೊಳ್ಳುತ್ತದೆ. ನಾಲ್ಕು ಮೆಟ್ಟಿಲು ಸೇರಿ 260 ಕಾಯಿನ್, 5,365.50 ಯುಎಸ್‌ಡಿಟಿ. ಇದಕ್ಕೆ ಟೇಕರ್ ಶುಲ್ಕ. 20.78ಕ್ಕೂ 20.95ಕ್ಕೂ ನಡುವೆ ಮಾರುವವರಿಲ್ಲದ್ದರಿಂದ ಉಳಿದ 20 ಕಾಯಿನ್‌ನ ಬೇಡಿಕೆ 20.80ರಲ್ಲಿ ಬುಕ್‌ಗೆ ಕುಳಿತಿತು. ಈಗ ಇಡೀ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ದರ ಕೊಡಲು ಸಿದ್ಧರಿರುವವರು ಇವರೇ! ಸ್ವಲ್ಪ ಹೊತ್ತಿನಲ್ಲಿ ಯಾರೋ ಅದಕ್ಕೆ ಮಾರಿದರು, 416 ಯುಎಸ್‌ಡಿಟಿ. ಆ 20ಕ್ಕೆ ಮಾತ್ರ ಮೇಕರ್ ಶುಲ್ಕ. ಒಂದೇ ಆರ್ಡರ್‌ಗೆ ಎರಡು ಬಗೆಯ ಶುಲ್ಕ ಬೀಳುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. ಬುಕ್‌ನಿಂದ ಎತ್ತಿಕೊಂಡ ಭಾಗಕ್ಕೆ ಟೇಕರ್, ಬುಕ್‌ನಲ್ಲಿ ಕಾದು ಸಿಕ್ಕ ಭಾಗಕ್ಕೆ ಮೇಕರ್, ಅಷ್ಟೇ.

ಈಗ ಒಟ್ಟು ಲೆಕ್ಕ. ಮೊದಲ 220ಕ್ಕೆ 4,400, ಆಮೇಲಿನ 280ಕ್ಕೆ 5,781.50, ಒಟ್ಟು 10,181.50. ಸರಾಸರಿ 20.36. ಮೊದಲೇ ಮಾರ್ಕೆಟ್ ಆರ್ಡರ್ ಒತ್ತಿದ್ದರೆ 20.20ಕ್ಕೆ ಮುಗಿಯುತ್ತಿತ್ತು. ಸ್ಲಿಪೇಜ್ ತಪ್ಪಿಸಲು ಹೊರಟವರು ಅದಕ್ಕಿಂತ 80.90 ಯುಎಸ್‌ಡಿಟಿ ಹೆಚ್ಚು ಕೊಟ್ಟರು.

ಲಿಮಿಟ್ ಆರ್ಡರ್‌ನ ನಿಜವಾದ ಬೆಲೆ ಇರುವುದು ಇಲ್ಲಿ, ಸಿಗದೆ ಹೋದಾಗ ಏನು ಮಾಡುತ್ತೇವೆ ಎನ್ನುವುದರಲ್ಲಿ. ಆ ನಿರ್ಧಾರವನ್ನು ಆರ್ಡರ್ ಹಾಕುವ ಮೊದಲೇ ಮಾಡಿಟ್ಟುಕೊಳ್ಳಬೇಕು, ಹಸಿರು ಕ್ಯಾಂಡಲ್ ಏರುತ್ತಿರುವಾಗ ಅಲ್ಲ. ಗಡಿ ಗೊತ್ತುಮಾಡುವುದೂ ಕಷ್ಟವಲ್ಲ: ಮಾರ್ಕೆಟ್ ಆರ್ಡರ್‌ನ ಸರಾಸರಿ 20.20. ಅದನ್ನು ದಾಟಿ ಬೆನ್ನಟ್ಟಿದರೆ ಕಾದದ್ದು ವ್ಯರ್ಥ. ಅಲ್ಲಿಗೆ ನಿಲ್ಲಿಸಿ 220 ಕಾಯಿನ್‌ನಲ್ಲೇ ತೃಪ್ತಿಪಟ್ಟಿದ್ದರೆ ಯೋಜಿತ ನಷ್ಟವೂ 187ಕ್ಕೆ ಇಳಿಯುತ್ತಿತ್ತು.

ಬೆನ್ನಟ್ಟಲೇಬೇಕಿದ್ದರೆ ಅವಧಿಯ ಜಾಗದಲ್ಲಿ ಜಿಟಿಸಿ ಬದಲು ಐಒಸಿ ಆರಿಸಬಹುದಿತ್ತು. ಐಒಸಿ ಎಂದರೆ ಈ ಕ್ಷಣ ಸಿಕ್ಕಷ್ಟು ತೆಗೆದುಕೊಂಡು ಉಳಿದದ್ದನ್ನು ತಾನೇ ರದ್ದು ಮಾಡುವ ಆರ್ಡರ್. ಆ 20 ಕಾಯಿನ್ ಬುಕ್‌ನ ತುದಿಯಲ್ಲಿ ನೇತಾಡುತ್ತಿರಲಿಲ್ಲ. ಎಫ್‌ಒಕೆ ಇನ್ನೂ ಕಟ್ಟುನಿಟ್ಟು: ಪೂರ್ತಿ 280 ಸಿಕ್ಕರೆ ಸರಿ, ಇಲ್ಲವಾದರೆ ಒಂದೂ ಬೇಡ. 20.80ರೊಳಗೆ 260 ಮಾತ್ರ ಇದ್ದದ್ದರಿಂದ ಎಫ್‌ಒಕೆ ಏನನ್ನೂ ಕೊಳ್ಳದೆ ರದ್ದಾಗುತ್ತಿತ್ತು. ಇವಕ್ಕೆ ತದ್ವಿರುದ್ಧ ಪೋಸ್ಟ್ ಓನ್ಲಿ. ಆರ್ಡರ್ ತಕ್ಷಣ ಹೊಂದಿಕೆಯಾಗುವಂತಿದ್ದರೆ ಎಕ್ಸ್‌ಚೇಂಜ್ ಅದನ್ನು ತಿರಸ್ಕರಿಸುತ್ತದೆ, ಹಾಗಾಗಿ ಟೇಕರ್ ಶುಲ್ಕ ಬೀಳುವ ಮಾತೇ ಇಲ್ಲ. 20.80 ಹಾಕಿದಾಗ ಪೋಸ್ಟ್ ಓನ್ಲಿ ಗುರುತು ಹಾಕಿದ್ದಿದ್ದರೆ ಆರ್ಡರ್ ಒಳಗೇ ಹೋಗುತ್ತಿರಲಿಲ್ಲ, ಒಮ್ಮೆ ಯೋಚಿಸಲು ಸಮಯ ಸಿಗುತ್ತಿತ್ತು.

ರದ್ದು ಮಾಡಿ ಮತ್ತೆ ಹಾಕುವಾಗ ಇನ್ನೊಂದು ಅಪಾಯ ಕಾದಿರುತ್ತದೆ, ಇವರು ಅದರಿಂದ ಪಾರಾದರು. ರದ್ದು ಒತ್ತಿದ ಕ್ಷಣಕ್ಕೂ ಎಂಜಿನ್ ಅದನ್ನು ಜಾರಿ ಮಾಡುವ ಕ್ಷಣಕ್ಕೂ ನಡುವೆ ಹಳೆಯ ಆರ್ಡರ್ ಇನ್ನಷ್ಟು ಭರ್ತಿಯಾಗಬಹುದು. ರದ್ದಾಯಿತೆಂದುಕೊಂಡು ಹಳೆಯ ಬಾಕಿ ಪ್ರಮಾಣಕ್ಕೇ ಹೊಸ ಆರ್ಡರ್ ಹಾಕಿದರೆ ಬೇಕಾದ್ದಕ್ಕಿಂತ ಹೆಚ್ಚು ಕೊಂಡಿರುತ್ತೇವೆ. ರದ್ದಾದ ಸ್ಥಿತಿ ಪರದೆಯಲ್ಲಿ ಬಂದ ಮೇಲೆ, ಭರ್ತಿಯಾದ ಪ್ರಮಾಣವನ್ನು ಇನ್ನೊಮ್ಮೆ ಓದಿ, ಆಮೇಲೆ ಹೊಸದು ಹಾಕಬೇಕು. ದಶಾಂಶ ಬಿಂದುವನ್ನೂ ಅದೇ ಹೊತ್ತಿನಲ್ಲಿ ನೋಡಬೇಕು. ಮಾರುವಾಗ 20.80 ಎನ್ನುವ ಬದಲು 2.08 ಎಂದು ಬರೆದರೆ ಆರ್ಡರ್ ದರವನ್ನು ಕಾಯುವುದಿಲ್ಲ, ಪ್ರಮಾಣ ಮುಗಿಯುವವರೆಗೆ 2.08ರ ತನಕ ಇರುವ ಎಲ್ಲ ಬೇಡಿಕೆಗಳಿಗೂ ಮಾರುತ್ತಾ ಇಳಿಯುತ್ತದೆ. ಮಾರುಕಟ್ಟೆ ದರದಿಂದ ತೀರ ದೂರದ ಲಿಮಿಟನ್ನು ಹಲವು ಎಕ್ಸ್‌ಚೇಂಜ್‌ಗಳು ತಡೆಯುತ್ತವೆ, ಆದರೆ ಎಷ್ಟು ದೂರವಿದ್ದರೆ ತಡೆ ಎನ್ನುವುದು ಒಂದೊಂದು ಕಡೆ ಒಂದೊಂದು ರೀತಿ.

19.20 / 19.15: ಸಿಗದೆ ಹೋದ ಬಾಗಿಲು

ಖರೀದಿ ಮುಗಿದ ಮೇಲೆ ರಕ್ಷಣೆಗೆ ಸ್ಟಾಪ್-ಲಿಮಿಟ್ ಸೆಲ್, ಅಂದರೆ ದರ ಬಿದ್ದಾಗ ತಾನಾಗಿ ಬುಕ್‌ಗೆ ಹೋಗುವ ಮಾರಾಟದ ಆರ್ಡರ್, ಹಾಕಲು ಹೋದರು. ಪ್ರಮಾಣ 500 ಎಂದು ಕೊಟ್ಟಾಗ ಬ್ಯಾಲೆನ್ಸ್ ಸಾಲದು ಎಂಬ ಉತ್ತರ ಬಂತು. ಕೊಂಡದ್ದು 500, ಕೈಯಲ್ಲಿರುವುದು 499.37. ಮೇಕರ್ ಶುಲ್ಕ 220ರ ಮೇಲೆ 0.22 ಮತ್ತು 20ರ ಮೇಲೆ 0.02, ಟೇಕರ್ ಶುಲ್ಕ 260ರ ಮೇಲೆ 0.39, ಒಟ್ಟು 0.63 ಕಾಯಿನ್ ಆಗಲೇ ಕಳೆದಿತ್ತು. ಪ್ರಮಾಣದ ಹೆಜ್ಜೆ 0.1 ಆದ್ದರಿಂದ ಮಾರಬಹುದಾದದ್ದು 499.3. ಚಿಕ್ಕ ವಿಷಯ ಎನಿಸಬಹುದು, ಆದರೆ ಬೇಗ ಬೇಗ ಕೆಲಸ ಮುಗಿಸುವವರು ಈ ತಿರಸ್ಕಾರದ ಸಂದೇಶವನ್ನು ಗಮನಿಸದೆ, ಸ್ಟಾಪ್ ಹಾಕಿದ್ದೇವೆಂದೇ ನಂಬಿ ಹೊರಟುಬಿಡುತ್ತಾರೆ.

ಸರಿಪಡಿಸಿ ಹಾಕಿದ ಆರ್ಡರ್: ಟ್ರಿಗರ್ 19.20, ಲಿಮಿಟ್ 19.15, ಪ್ರಮಾಣ 499.3.

ಸ್ಟಾಪ್-ಲಿಮಿಟ್‌ನಲ್ಲಿ ಎರಡು ಅಂಕಿ ಇರುವುದೇಕೆ ಎಂದು ತಿಳಿಯದೆ ಎರಡನ್ನೂ ಹತ್ತಿರ ಹತ್ತಿರ ಇಡುವುದು ತೀರ ಸಾಮಾನ್ಯ. ಮೊದಲ ಅಂಕಿ, ಅಂದರೆ ಟ್ರಿಗರ್, ಒಂದು ಎಚ್ಚರಿಕೆಯ ಗಂಟೆ. ಅಲ್ಲಿಯವರೆಗೆ ಈ ಆರ್ಡರ್ ಬುಕ್‌ನಲ್ಲಿ ಇರುವುದೇ ಇಲ್ಲ, ಸರದಿಯಲ್ಲಿ ಜಾಗವೂ ಇಲ್ಲ. ಕೊನೆಯ ವಹಿವಾಟು 19.20 ಅಥವಾ ಅದಕ್ಕಿಂತ ಕೆಳಗೆ ನಡೆದಾಗ ಗಂಟೆ ಬಾರಿಸುತ್ತದೆ, ಆಗ 19.15ರ ಒಂದು ಸಾಧಾರಣ ಲಿಮಿಟ್ ಸೆಲ್ ಬುಕ್‌ಗೆ ಹೋಗುತ್ತದೆ. 19.15 ಎಂದರೆ ಅದಕ್ಕಿಂತ ಕಡಿಮೆಗೆ ಮಾರಬೇಡ ಎಂಬ ಆಜ್ಞೆ. ಎಂಜಿನ್ ಆ ಆಜ್ಞೆಯನ್ನು ಅಕ್ಷರಶಃ ಪಾಲಿಸುತ್ತದೆ.

ಕುಸಿತ ಬಂದದ್ದು ಒಂದು ದೊಡ್ಡ ಮಾರ್ಕೆಟ್ ಸೆಲ್‌ನೊಂದಿಗೆ. ಕೊನೆಯ ವಹಿವಾಟು 19.27 ಇದ್ದದ್ದು ಮರುಕ್ಷಣ 19.18. ಟ್ರಿಗರ್ ಸರಿಯಾಗಿಯೇ ಕೆಲಸ ಮಾಡಿತು. ಆರ್ಡರ್ ಬುಕ್ ಸೇರಿದಾಗ ಕೊಳ್ಳುವವರ ಸಾಲು ಹೀಗಿತ್ತು: 19.16ಕ್ಕೆ 38, 19.08ಕ್ಕೆ 64, 19.02ಕ್ಕೆ 120, 18.95ಕ್ಕೆ 85, 18.90ಕ್ಕೆ 150, 18.84ಕ್ಕೆ 200. 38 ಕಾಯಿನ್ 19.16ಕ್ಕೆ ಹೋಯಿತು. ಮುಂದಿನ ಬೇಡಿಕೆ 19.08, ಅದು ಲಿಮಿಟ್‌ಗಿಂತ ಕೆಳಗೆ. ಉಳಿದ 461.3 ಕಾಯಿನ್ 19.15ರಲ್ಲಿ ಮಾರಾಟಕ್ಕೆ ಕುಳಿತಿತು, ದರ ಅದರ ಕೆಳಗೆ ಜಾರುತ್ತಾ ಹೋಯಿತು. ಆರ್ಡರ್ ಪಟ್ಟಿಯಲ್ಲಿ ಸ್ಟಾಪ್ ಟ್ರಿಗರ್ ಆಗಿದೆ ಎಂದು ತೋರುತ್ತಿದ್ದದ್ದರಿಂದ ಮಾರಾಟವಾಯಿತೆಂದೇ ಕೆಲವು ಹೊತ್ತು ಭಾವಿಸಿದ್ದೂ ಹಾನಿಯ ಒಂದು ಭಾಗ. ಟ್ರಿಗರ್ ಆಗುವುದು ಬೇರೆ, ಭರ್ತಿಯಾಗುವುದು ಬೇರೆ.

ಕೊನೆಗೆ ಆರ್ಡರ್ ರದ್ದು ಮಾಡಿ 461.3 ಕಾಯಿನನ್ನು ಮಾರ್ಕೆಟ್‌ನಲ್ಲಿ ಮಾರಿದಾಗ ಸಿಕ್ಕ ಸರಾಸರಿ 17.74. ಅದರಿಂದ 8,183.46, ಮೊದಲ 38ರಿಂದ 728.08. ಶೇ. 0.15ರ ಶುಲ್ಕ 13.37 ಕಳೆದರೆ ಕೈಗೆ ಬಂದದ್ದು 8,898.17. ಹಾಕಿದ್ದು 10,181.50. ನಷ್ಟ 1,283.33.

ಎಲ್ಲವೂ 19.15ಕ್ಕೇ ಮಾರಾಟವಾಗಿದ್ದರೆ ನಷ್ಟ 634.25. ಅಂದರೆ ಯೋಜನೆಯ 425ರಿಂದ 634ಕ್ಕೆ ಏರಿಸಿದ್ದು ದುಬಾರಿ ಖರೀದಿ ಮತ್ತು ಶುಲ್ಕ, 634ರಿಂದ 1,283ಕ್ಕೆ ಏರಿಸಿದ್ದು ಟ್ರಿಗರ್ ಮತ್ತು ಲಿಮಿಟ್ ನಡುವಿನ ಐದೇ ಹೆಜ್ಜೆಯ ಅಂತರ.

ಅಂತರ ಎಷ್ಟಿರಬೇಕಿತ್ತು

ಅದೇ ಟ್ರಿಗರ್ 19.20, ಲಿಮಿಟ್ ಮಾತ್ರ 18.80 ಇಟ್ಟಿದ್ದರೆ? ಮೇಲಿನ ಸಾಲಿನಲ್ಲಿ 18.80ರ ತನಕ 657 ಕಾಯಿನ್‌ಗೆ ಬೇಡಿಕೆ ಇತ್ತು. 499.3 ಅದರಲ್ಲಿ ಇಳಿದು 9,474.28 ತರುತ್ತಿತ್ತು, ಶುಲ್ಕ ಕಳೆದು 9,460.07. ನಷ್ಟ 721. ಕಾಗದದ ಮೇಲಿನ 634ಕ್ಕಿಂತ 87 ಹೆಚ್ಚು, ನಿಜಕ್ಕೂ ಆದ 1,283ಕ್ಕಿಂತ 562 ಕಡಿಮೆ.

ಲಿಮಿಟ್ 18.80 ಎಂದರೆ 18.80ಕ್ಕೇ ಮಾರಾಟವಾಗುತ್ತದೆ ಎಂಬ ಭಯವೇ ಹಲವರನ್ನು ಅಂತರ ಕಿರಿದಾಗಿಡುವಂತೆ ಮಾಡುತ್ತದೆ. ಹಾಗಾಗುವುದಿಲ್ಲ. ಮಾರುವ ಲಿಮಿಟ್ ಒಂದು ನೆಲ. ಆರ್ಡರ್ ಬುಕ್ ಸೇರಿದ ಕ್ಷಣದಲ್ಲಿ ಮೇಲಿರುವ ಒಳ್ಳೆಯ ದರಗಳೇ ಮೊದಲು ಸಿಗುತ್ತವೆ. ಮೇಲಿನ ಲೆಕ್ಕದಲ್ಲಿ ಸರಾಸರಿ ಸುಮಾರು 18.98 ಬಂದಿದೆ.

ಒಂದು ಎಚ್ಚರಿಕೆ ಇಲ್ಲಿ ಬೇಕೇ ಬೇಕು. ಆ 657 ಒಂದು ಕ್ಷಣದ ಚಿತ್ರ. ದರ ಕುಸಿಯುವಾಗ ಮಾರ್ಕೆಟ್ ಮೇಕರ್‌ಗಳು (ಕೊಳ್ಳುವ, ಮಾರುವ ಎರಡೂ ಕಡೆ ಸದಾ ಆರ್ಡರ್ ಇಟ್ಟಿರುವವರು) ತಮ್ಮ ಬೇಡಿಕೆಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಅದೇ ಮಟ್ಟದಲ್ಲಿ ಇತರರ ಸ್ಟಾಪ್‌ಗಳೂ ಸಿಡಿದು ಅದೇ 657ಕ್ಕಾಗಿ ಪೈಪೋಟಿಗೆ ಬೀಳುತ್ತವೆ. ಆದ್ದರಿಂದ ಅಂತರವನ್ನು ಇಷ್ಟೇ ಶೇಕಡಾ ಎಂದು ಕಣ್ಣುಮುಚ್ಚಿ ಗೊತ್ತುಮಾಡುವುದಕ್ಕಿಂತ, ಶಾಂತವಾದ ಹೊತ್ತಿನಲ್ಲಿ ಬುಕ್ ತೆರೆದು, ಟ್ರಿಗರ್‌ನಿಂದ ಲಿಮಿಟ್‌ವರೆಗೆ ಇರುವ ಒಟ್ಟು ಬೇಡಿಕೆ ನಮ್ಮ ಪ್ರಮಾಣದ ಕೆಲವು ಪಟ್ಟಾದರೂ ಇದೆಯೇ ಎಂದು ಕೂಡಿ ನೋಡುವುದು ಮೇಲು. ಅಷ್ಟು ಸಿಗಬೇಕಾದರೆ ಲಿಮಿಟನ್ನು ಸಹಿಸಲಾರದಷ್ಟು ಕೆಳಗೆ ಇಡಬೇಕಾಗುತ್ತದೆ ಎಂದಾದರೆ, ಆ ಕಾಯಿನ್‌ಗೆ 500 ದೊಡ್ಡ ಪ್ರಮಾಣವಾಯಿತು. ಬದಲಿಸಬೇಕಾದದ್ದು ಪ್ರಮಾಣ, ಸ್ಟಾಪ್ ಅಲ್ಲ.

ಹಾಗಿದ್ದರೆ ಲಿಮಿಟ್ ಬಿಟ್ಟು, ಟ್ರಿಗರ್ ಆದ ಕೂಡಲೇ ಸಿಕ್ಕ ದರಕ್ಕೆ ಮಾರುವ ಸ್ಟಾಪ್-ಮಾರ್ಕೆಟ್ ಹಾಕಿದರೆ ಆಗದೇ? ಆಗುತ್ತದೆ, ಆಳವಾದ ಬುಕ್ ಇರುವ ಜೋಡಿಯಲ್ಲಿ ಅದೇ ಸರಳ. ಆದರೆ ಅದಕ್ಕೆ ನೆಲವಿಲ್ಲ. 2017ರ ಜೂನ್ 21ರಂದು ಕಾಯಿನ್‌ಬೇಸ್‌ನ ಎಕ್ಸ್‌ಚೇಂಜ್ ಆಗಿದ್ದ ಜಿಡಿಎಎಕ್ಸ್‌ನಲ್ಲಿ ಹಲವು ಮಿಲಿಯನ್ ಡಾಲರ್‌ಗಳ ಒಂದೇ ಮಾರ್ಕೆಟ್ ಸೆಲ್ ಆರ್ಡರ್ ಈಥರ್‌ನ ದರವನ್ನು 317.81 ಡಾಲರ್‌ನಿಂದ 224.48ಕ್ಕೆ ತಳ್ಳಿತು. ಆ ಇಳಿತ ಸುಮಾರು 800 ಸ್ಟಾಪ್ ಆರ್ಡರ್‌ಗಳನ್ನೂ ಮಾರ್ಜಿನ್ ಖಾತೆಗಳ (ಸಾಲ ಪಡೆದು ವಹಿವಾಟು ಮಾಡುವ ಖಾತೆಗಳ) ಬಲವಂತದ ಮಾರಾಟವನ್ನೂ ಕೆರಳಿಸಿತು, ದರ ಕ್ಷಣಕಾಲ 0.10 ಡಾಲರ್ ಮುಟ್ಟಿತು. ಎಕ್ಸ್‌ಚೇಂಜ್ ವಹಿವಾಟುಗಳನ್ನು ಹಿಂತಿರುಗಿಸಲಿಲ್ಲ, ಸ್ಟಾಪ್ ಆರ್ಡರ್‌ನಿಂದಲೋ ಮಾರ್ಜಿನ್‌ನ ಬಲವಂತದ ಮಾರಾಟದಿಂದಲೋ ಮಾರಿಹೋದವರಿಗೆ ತನ್ನ ಹಣದಿಂದ ಪರಿಹಾರ ತುಂಬಿಕೊಟ್ಟಿತು. ಎಲ್ಲೆಡೆ, ಎಲ್ಲರಿಗೂ ಅಂಥ ಪರಿಹಾರ ಸಿಗುತ್ತದೆಂದು ನಂಬಿ ಆರ್ಡರ್ ಹಾಕುವಂತಿಲ್ಲ. ಆ ದಿನ ಅಗಲವಾದ ಅಂತರದ ಸ್ಟಾಪ್-ಲಿಮಿಟ್ ಇಟ್ಟಿದ್ದವರ ಕಾಯಿನ್ ಲಿಮಿಟ್‌ಗಿಂತ ಕೆಳಗೆ ಮಾರಾಟವಾಗಲು ಸಾಧ್ಯವೇ ಇರಲಿಲ್ಲ, ದರ ಬೇಗನೆ ಮೇಲೂ ಬಂತು. 2021ರ ಅಕ್ಟೋಬರ್ 21ರಂದು ಬೈನಾನ್ಸ್ ಯುಎಸ್‌ನಲ್ಲಿ ಬಿಟ್‌ಕಾಯಿನ್ ಸುಮಾರು 65,000 ಡಾಲರ್‌ನಿಂದ 8,200ರ ಹತ್ತಿರಕ್ಕೆ ಬಿದ್ದು ಎದ್ದಾಗಲೂ ಇತರ ಎಕ್ಸ್‌ಚೇಂಜ್‌ಗಳಲ್ಲಿ ಅಂಥ ಕುಸಿತವೇ ಇರಲಿಲ್ಲ. ಒಬ್ಬ ಸಾಂಸ್ಥಿಕ ಟ್ರೇಡರ್‌ನ ಅಲ್ಗಾರಿದಮ್ ದೋಷ ಅದಕ್ಕೆ ಕಾರಣವಾಗಿತ್ತು.

ನಮ್ಮ ಪ್ರಕರಣದ ಕುಸಿತ ಆ ಬಗೆಯದಲ್ಲ. ದರ ಬಿತ್ತು, ಬಿದ್ದಲ್ಲೇ ಉಳಿಯಿತು. ಕ್ಷಣಿಕ ಕುಸಿತದಲ್ಲಿ ಲಿಮಿಟ್ ಕಾಪಾಡುತ್ತದೆ, ನಿಜವಾದ ಕುಸಿತದಲ್ಲಿ ಅದೇ ಲಿಮಿಟ್ ಒಳಗೆ ಕೂಡಿಹಾಕುತ್ತದೆ. ಯಾವುದು ಬರುತ್ತದೆಂದು ಮೊದಲೇ ಹೇಳಲಾಗದು. ಅದಕ್ಕೇ ಅಗಲವಾದ ಅಂತರ: ಸಾಧಾರಣ ಕುಸಿತದಲ್ಲಿ ಹೊರಬರಲು ಸಾಕು, 0.10 ಡಾಲರ್‌ಗೆ ಮಾರಿಹೋಗದಿರಲೂ ಸಾಕು.

ಇದೇ ಟ್ರೇಡ್ ಮತ್ತೆ ಹಾಕುವುದಾದರೆ

ಖರೀದಿಗೆ 20.03, ಪೋಸ್ಟ್ ಓನ್ಲಿ. 20.04 ಅಥವಾ 20.05 ಕೂಡ ನಡೆಯುತ್ತಿತ್ತು, ಮಾರುವವರ 20.06 ಮುಟ್ಟದಿದ್ದರೆ ಸಾಕು. ಭಾಗಶಃ ಸಿಕ್ಕು ದರ ಮೇಲೇರಿದರೆ 20.20 ಗಡಿ, ಅಲ್ಲಿಯವರೆಗೆ ಐಒಸಿ ಲಿಮಿಟ್‌ನಿಂದ ಉಳಿದದ್ದನ್ನು ಕೊಳ್ಳಬಹುದು, ಆಚೆಗೆ ಇಲ್ಲ. ಬುಕ್‌ನಲ್ಲಿ ಕಾಯುತ್ತಿರುವ ಆರ್ಡರ್‌ನ ದರ ಬದಲಿಸಿದರೆ ಸರದಿ ಹೋಗುತ್ತದೆ. ಪ್ರಮಾಣ ಹೆಚ್ಚಿಸಿದರೂ ಸಾಮಾನ್ಯವಾಗಿ ಹೋಗುತ್ತದೆ. ಪ್ರಮಾಣ ತಗ್ಗಿಸಿದರೆ ಹಲವು ಕಡೆ ಉಳಿಯುತ್ತದೆ. ಹಾಗಾಗಿ ಒಂದೊಂದು ಪೈಸೆಗೂ ಆರ್ಡರ್ ಎಳೆದಾಡುವುದು ಬೇಡ.

ಭರ್ತಿಯಾಗುತ್ತಿರುವಾಗಲೇ ಸ್ಟಾಪ್ ಹಾಕಬೇಕು, ಪೂರ್ತಿ ಆಗಲೆಂದು ಕಾಯಬಾರದು. 220 ಕೈಗೆ ಬಂದ ಮೇಲೆ ಅದಕ್ಕೆ ರಕ್ಷಣೆಯೇ ಇಲ್ಲದ ಹೊತ್ತು ಈ ಪ್ರಕರಣದಲ್ಲೂ ಇತ್ತು. ಆಗ ದರ ಬೀಳಲಿಲ್ಲ ಎನ್ನುವುದು ಅದೃಷ್ಟ ಅಷ್ಟೇ. ಲಾಭದ ಗುರಿಯೂ ಇದ್ದರೆ, 22.00ಕ್ಕೆ ಎಂದಿಟ್ಟುಕೊಳ್ಳೋಣ, ಅದನ್ನು ಪ್ರತ್ಯೇಕ ಲಿಮಿಟ್ ಸೆಲ್ ಆಗಿ ಹಾಕಿದರೆ 499.3 ಕಾಯಿನ್ ಪೂರ್ತಿ ಅಲ್ಲೇ ಲಾಕ್ ಆಗಿ ಸ್ಟಾಪ್‌ಗೆ ಏನೂ ಉಳಿಯುವುದಿಲ್ಲ. ಎರಡನ್ನೂ ಒಂದೇ ಬ್ಯಾಲೆನ್ಸ್ ಮೇಲೆ ಇಡಲು ಇರುವುದು ಓಸಿಒ ಆರ್ಡರ್; ಒಂದು ಭರ್ತಿಯಾದರೆ ಇನ್ನೊಂದು ತಾನಾಗಿ ರದ್ದಾಗುತ್ತದೆ. ಓಸಿಒದ ಸ್ಟಾಪ್ ಭಾಗದಲ್ಲೂ ಹಲವು ಕಡೆ ಟ್ರಿಗರ್ ಮತ್ತು ಲಿಮಿಟ್ ಎರಡನ್ನೂ ಕೇಳುತ್ತಾರೆ, ಅಂತರದ ಮಾತು ಅಲ್ಲಿಗೂ ಅನ್ವಯ.

ಫ್ಯೂಚರ್ಸ್‌ನಲ್ಲಿ ಟ್ರಿಗರ್ ಯಾವ ದರವನ್ನು ನೋಡಬೇಕೆಂಬ ಆಯ್ಕೆ ಇರುತ್ತದೆ, ಕೊನೆಯ ವಹಿವಾಟಿನ ದರವೋ ಮಾರ್ಕ್ ದರವೋ (ಸಾಮಾನ್ಯವಾಗಿ ಹಲವು ಎಕ್ಸ್‌ಚೇಂಜ್‌ಗಳ ದರದಿಂದ ಲೆಕ್ಕ ಹಾಕಿದ್ದು) ಎಂದು. ಒಂದೇ ಎಕ್ಸ್‌ಚೇಂಜ್‌ನ ಕ್ಷಣಿಕ ಬಾಲ ನಮ್ಮ ಸ್ಟಾಪನ್ನು ಕೆರಳಿಸಬಾರದು ಎಂದಿದ್ದರೆ ಮಾರ್ಕ್ ದರ ಮೇಲು. ಬ್ಲಾಕ್‌ಚೈನ್ ಮೇಲೆಯೇ ನಡೆಯುವ ಡಿಸೆಂಟ್ರಲೈಸ್ಡ್ ಎಕ್ಸ್‌ಚೇಂಜ್‌ನ ಲಿಕ್ವಿಡಿಟಿ ಪೂಲ್‌ಗಳಲ್ಲಿ (ಬದಲಿಸಿಕೊಳ್ಳಲು ಕೂಡಿಟ್ಟ ಕಾಯಿನ್‌ಗಳ ಸಂಗ್ರಹ) ಬುಕ್ ಇಲ್ಲದಿದ್ದರೂ, ಅಲ್ಲಿ ಕೇಳುವ ಸ್ಲಿಪೇಜ್ ಮಿತಿ ಒಂದು ಲಿಮಿಟ್ ದರವೇ ಸರಿ. ದರ ಮಿತಿ ದಾಟಿದರೆ ಇಡೀ ವಹಿವಾಟು ವಿಫಲವಾಗುತ್ತದೆ, ಗ್ಯಾಸ್ ಶುಲ್ಕ (ಬ್ಲಾಕ್‌ಚೈನ್ ಬಳಸಿದ್ದಕ್ಕೆ ಕೊಡುವ ಶುಲ್ಕ) ಮಾತ್ರ ಹೋಗಿರುತ್ತದೆ.

ಎಲ್ಲ ಮಾರಿದ ಮೇಲೂ ಆ ಖಾತೆಯಲ್ಲಿ 0.07 ಕಾಯಿನ್ ಉಳಿದಿದೆ. ಪ್ರಮಾಣದ ಹೆಜ್ಜೆ 0.1, ಆದ್ದರಿಂದ ಮಾರಲು ಬರುವುದಿಲ್ಲ. ಬೆಲೆ ಸುಮಾರು 1.24 ಯುಎಸ್‌ಡಿಟಿ, ಕನಿಷ್ಠ ಆರ್ಡರ್‌ನ 10ಕ್ಕೂ ಸಾಲದು. ಚಿಲ್ಲರೆ ಬ್ಯಾಲೆನ್ಸ್‌ಗಳನ್ನು ಒಟ್ಟುಮಾಡಿ ಬೇರೆ ಕಾಯಿನ್‌ಗೆ ಬದಲಿಸಿಕೊಡುವ ಸೌಲಭ್ಯ ಆ ಎಕ್ಸ್‌ಚೇಂಜ್‌ನಲ್ಲಿದ್ದರೆ ಅದರಿಂದ ತೆಗೆಯಬಹುದು. ಇಲ್ಲದಿದ್ದರೆ ಅದೇ ಕಾಯಿನನ್ನು ಮುಂದೆ ಕೊಂಡಾಗ ಅದರ ಜೊತೆ ಸೇರಿಸಿ ಮಾರಬೇಕು.